ಕಿಟ್ವೆಗೆ ಹೊರಟಿರುವ ಹಟ್ಟಿಯ ತಮ್ಮನಿಗೆ

ತಮ್ಮಾ, ಹಟ್ಟಿಯ ಚಿನ್ನದ ಗಣಿ ಬಿಟ್ಟು ಜಾಂಬಿಯಾದ ಕಿಟ್ವೆಗೆ, ತಾಮ್ರದ ಗಣಿಗೆ ಬರ್ತೀನಿ, ಊಟ ಹೇಗೆ, ಕ್ವಾರ್ಟರ್ಸು, ಆಸ್ಪತ್ರೆ ಕಂಪನಿಯೇ ಕೊಡುತ್ತಾ ಎಂದು ಕೇಳಿದ್ದೀಯ.

ಊಟದ ಚಿಂತೆ ಬೇಡ. ಇಲ್ಲಿ ನ್ಶಿಮಾ ಅಂತ, ಬಿಳಿ ಮೆಕ್ಕೆಜೋಳದ ಮುದ್ದೆ. ಕೋಲಾರದವನಾದ ನನಗೆ ಮೊದಲ ದಿನವೇ ಒಗ್ಗಿತು. ರೊಟ್ಟಿ ತಿಂದು ಬೆಳೆದ ನಿನಗೆ ಒಂದು ತಿಂಗಳು ಬೇಕಾದೀತು.

ಕ್ವಾರ್ಟರ್ಸಿನದು ದೊಡ್ಡ ಕಥೆ. ಮೊದಲು ಇಲ್ಲಿ ಗಣಿಯೆಲ್ಲ ಜೆಡ್‌ಸಿಸಿಎಂ ಎಂಬ ಸರ್ಕಾರಿ ಕಂಪನಿಯದು. ಮನೆ, ನೀರು, ಶಾಲೆ, ಆಸ್ಪತ್ರೆ, ಫುಟ್‌ಬಾಲ್ ಕ್ಲಬ್ಬು, ಎಲ್ಲ ಅದರದೇ. ನಮ್ಮ ಕೆಜಿಎಫ್‌ನ ದೊಡ್ಡಣ್ಣ ಅನ್ನು. ತಾಮ್ರದ ಬೆಲೆ ಬಿತ್ತು, ನಷ್ಟ ಏರಿತು, 1997ರಿಂದ 2000ದೊಳಗೆ ತುಂಡು ತುಂಡಾಗಿ ಮಾರಿದರು. ಲುವಾನ್ಶ್ಯಾ ಗಣಿ ನಮ್ಮ ದೇಶದ ಬಿನಾನಿ ಕಂಪನಿಯವರಿಗೆ ಹೋಯಿತು, ಮೂರೇ ವರ್ಷಕ್ಕೆ ನಷ್ಟದಲ್ಲಿ ಮುಳುಗಿತು. ಮನೆಗಳನ್ನು ಅದರಲ್ಲಿದ್ದವರಿಗೇ ಮಾರಿದರು. ಕೆಲಸ ಹೋದವನ ಕೈಯಲ್ಲಿ ಮನೆ ಉಳಿಯಿತು, ಒಲೆಗೆ ಏನೂ ಇಲ್ಲ.

ಪೂರ್ತಿ ಕೆಟ್ಟದ್ದು ಅನ್ನಲಾರೆ. ಸರ್ಕಾರದ ಕೈಯಲ್ಲಿ ದುಡ್ಡಿರಲಿಲ್ಲ. ಹೊಸಬರು ಬಂಡವಾಳ ಹಾಕಿದರು, ಕೆಲಸವೂ ಹುಟ್ಟಿತು. ಆದರೆ ಜಾಸ್ತಿ ಕಾಂಟ್ರಾಕ್ಟಿನಲ್ಲಿ. ಬೆಲೆ ಮತ್ತೆ ಏರಿದಾಗ, ಅಗೆದ ತಾಮ್ರಕ್ಕೆ ಸರ್ಕಾರಕ್ಕೆ ಬರುತ್ತಿದ್ದ ರಾಯಲ್ಟಿ ನೂರಕ್ಕೆ 0.6. ನಂಬ್ತೀಯಾ?

ನಾನು ಬಂದದ್ದು 2005ರಲ್ಲಿ, ಒಬ್ಬ ಕಾಂಟ್ರಾಕ್ಟರ್ ಬಳಿ. ನನ್ನ ಶಿಫ್ಟಿನಲ್ಲಿ ಒಬ್ಬ ಡ್ರಿಲ್ಲರ್, ಇಪ್ಪತ್ತು ವರ್ಷ ಸರ್ಕಾರಿ ಗಣಿಯಲ್ಲಿ ದುಡಿದವನು. ಅದೇ ಶಾಫ್ಟು, ಅದೇ ಕಲ್ಲು, ಸಂಬಳ ಅರ್ಧ. ಮಗಳಿಗೆ ಜ್ವರ, ಗಣಿ ಆಸ್ಪತ್ರೆಗೆ ಒಂದು ಚೀಟಿ ಬರೆದುಕೊಡಿ ಎಂದ. ಕಾಂಟ್ರಾಕ್ಟಿನವರಿಗೆ ಇಲ್ಲ, ರೂಲ್ಸು ಎಂದೆ. ಅಪ್ಪನ ಟೋಕನ್ ನಂಬರ್ ಹೇಳಿ ಕೆಜಿಎಫ್ ಆಸ್ಪತ್ರೆಯಲ್ಲಿ ಔಷಧಿ ಕುಡಿದು ಬೆಳೆದವನು ನಾನು! ಬರೆದುಕೊಟ್ಟಿದ್ದರೆ ಏನಾಗುತ್ತಿತ್ತು, ಒಂದು ಬೈಗುಳ ಅಷ್ಟೆ ಅಲ್ವಾ? ಮಗು ಹೇಗೋ ಉಳಿಯಿತು. ಅವನು ಮಾತ್ರ ಆಮೇಲೆ ಯಾವತ್ತೂ ನನಗೆ 'ಮುಲಿ ಶಾನಿ' ಅನ್ನಲಿಲ್ಲ. 'ಹೇಗಿದ್ದೀರಿ' ಅಂತ ಇಲ್ಲಿನವರು ಗುರುತಿಲ್ಲದವರಿಗೂ ಅನ್ನುವ ಮಾತು ಅದು.

ನಿನಗೆ ಮನೆ, ಆಸ್ಪತ್ರೆ ಎರಡೂ ಸಿಗಬಹುದು, ಹೊರಗಿನಿಂದ ಕರೆಸಿದವರಿಗೆ ಕೊಡುತ್ತಾರೆ. ಆಫರ್ ಲೆಟರ್ ಗಣಿಯದೋ ಕಾಂಟ್ರಾಕ್ಟರ್‌ದೋ ನೋಡಿಕೋ. ನಿನ್ನ ಕೈಕೆಳಗಿನವರಿಗೆ ಆಸ್ಪತ್ರೆ ಇದೆಯಾ ಎಂದೂ ಸಹಿ ಹಾಕುವ ಮೊದಲೇ ಕೇಳು. ಬರುವಾಗ ಅಮ್ಮನ ಕೈಯ ಶೇಂಗಾ ಚಟ್ನಿಪುಡಿ ತಾ, ಸ್ವಲ್ಪ ಜಾಸ್ತಿಯೇ ಇರಲಿ.