ತುತ್ತ ಒಂದು ಕಿಲೋ, ಸುಣ್ಣ ಎಷ್ಟು?

ಪ್ರಶ್ನೆ: ನಾನು ಪ್ರಥಮ ಪಿಯುಸಿ. ಮನೆಯಲ್ಲಿ ಅಡಿಕೆ ತೋಟ ಇದೆ. ಮಳೆಗಾಲ ಹಿಡಿಯುವ ಹೊತ್ತಿಗೆ ಅಪ್ಪ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಇವೆರಡೂ ಸೇರುವ ರಾಸಾಯನಿಕ ಸಮೀಕರಣದಲ್ಲೂ ಒಂದಕ್ಕೆ ಒಂದು ಅಂತಲೇ ಇದೆಯಲ್ಲ, ಹಾಗಾಗಿ ಒಂದು ಕಿಲೋ ತುತ್ತಕ್ಕೆ ಒಂದು ಕಿಲೋ ಸುಣ್ಣ ಬೇಕು ಅಂತ ಟೆಸ್ಟಿನಲ್ಲಿ ಬರೆದೆ. ಸೊನ್ನೆ ಬಂತು. ಅಪ್ಪನ ಲೆಕ್ಕ ತಪ್ಪಾ, ಪುಸ್ತಕ ತಪ್ಪಾ?
— ವಿದ್ಯಾರ್ಥಿನಿ, ಸಾಗರ

ಉತ್ತರ: ಅಪ್ಪನೂ ಸರಿ, ಪುಸ್ತಕವೂ ಸರಿ. ತಪ್ಪಿದ್ದು ನೀವು, ಆದರೆ ಬೇಜಾರು ಬೇಡ, ಈ ಹೊಂಡದಲ್ಲಿ ಬೀಳದೆ ರಸಾಯನಶಾಸ್ತ್ರ ಕಲಿತವರನ್ನು ನಾನಂತೂ ನೋಡಿಲ್ಲ.

ಸಮೀಕರಣದಲ್ಲಿರುವ ‘ಒಂದಕ್ಕೆ ಒಂದು’ ಎಣಿಕೆ, ತೂಕ ಅಲ್ಲ. ಕವಳ ಹಾಕುವಾಗ ಒಂದು ಎಲೆಗೆ ಒಂದು ಅಡಿಕೆ ಅಂತ ಇಟ್ಟುಕೊಳ್ಳಿ. ನೂರು ಎಲೆಗೆ ನೂರು ಅಡಿಕೆ, ಎಣಿಕೆ ಸಮ. ತಕ್ಕಡಿಗೆ ಹಾಕಿದರೆ? ಅಡಿಕೆಯ ಕಡೆ ಧಡ್ ಅಂತ ಕೆಳಗೆ ಬರುತ್ತದೆ. ಮೋಲ್ ಅಂದರೆ ಇಂಥದ್ದೇ ಎಣಿಕೆಯ ಕಟ್ಟು, ಕಟ್ಟು ಮಾತ್ರ ತುಂಬಾ ದೊಡ್ಡದು. ಒಂದು ಕಟ್ಟು ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು ಪದಾರ್ಥದಿಂದ ಪದಾರ್ಥಕ್ಕೆ ಬೇರೆ.

ಈಗ ನಿಮ್ಮ ಡ್ರಮ್ಮಿಗೆ ಬನ್ನಿ. ಒಂದು ಮೋಲ್ ತುತ್ತದಲ್ಲಿ ತಾಮ್ರ 63.5 ಗ್ರಾಂ, ಗಂಧಕ 32, ನಾಲ್ಕು ಆಮ್ಲಜನಕ 64, ಒಟ್ಟು 159.5. ಇಲ್ಲಿಗೆ ನಿಲ್ಲಿಸಿದರೆ ಕೆಟ್ಟಿತು. ಅಂಗಡಿಯಲ್ಲಿ ಸಿಗುವ ನೀಲಿ ಹರಳಿನೊಳಗೆ ಐದು ನೀರಿನ ಅಣು ಕೂತಿರುತ್ತವೆ, ಅದರದ್ದೇ 90. ಒಟ್ಟು 249.5. ಅಂದರೆ ನೀವು ದುಡ್ಡು ಕೊಟ್ಟು ತಂದ ಒಂದು ಕಿಲೋದಲ್ಲಿ ಸುಮಾರು 360 ಗ್ರಾಂ ಬರೀ ನೀರು! 1000 ಗ್ರಾಮನ್ನು 249.5ರಿಂದ ಭಾಗಿಸಿದರೆ ಹತ್ತಿರ ಹತ್ತಿರ 4 ಮೋಲ್. ಸುಣ್ಣವೂ 4 ಮೋಲ್ ಬೇಕು. ನೀರು ಹಾಕಿ ಅರಳಿಸಿದ ಸುಣ್ಣದ ಒಂದು ಮೋಲ್ 74 ಗ್ರಾಂ, ನಾಲ್ಕಕ್ಕೆ 296. ಸುಟ್ಟ ಸುಣ್ಣದ ಲೆಕ್ಕ ಕೇಳಿದರೆ ಒಂದು ಮೋಲ್ 56, ನಾಲ್ಕಕ್ಕೆ 224 ಗ್ರಾಂ. ಪ್ರಶ್ನೆಯಲ್ಲಿ ಯಾವ ಸುಣ್ಣ ಅಂದಿದ್ದಾರೆ ಅಂತ ಎರಡು ಸಲ ಓದಿ. ದಾರಿ ಯಾವಾಗಲೂ ಇದೇ: ಗ್ರಾಮಿನಿಂದ ಮೋಲಿಗೆ, ಆ ಮೋಲಿನಿಂದ ಸಮೀಕರಣ ನೋಡಿ ಈ ಮೋಲಿಗೆ, ಮತ್ತೆ ಗ್ರಾಮಿಗೆ. ನಡುವಿನ ಮೆಟ್ಟಿಲು ಹಾರಬೇಡಿ.

ಹಾಗಾದರೆ ಅಪ್ಪ ಯಾಕೆ ಮೂರು ಪಟ್ಟು ಜಾಸ್ತಿ ಸುಣ್ಣ ಸುರಿಯುತ್ತಾರೆ? ಬೋರ್ಡೋ ಹುಟ್ಟಿದ್ದು ಮೋಲ್ ಲೆಕ್ಕದಿಂದ ಅಲ್ಲ, ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟದಲ್ಲಿ. ದಾರಿಹೋಕರು ಹಣ್ಣು ಕದಿಯದಿರಲಿ ಅಂತ ರಸ್ತೆ ಬದಿಯ ಬಳ್ಳಿಗೆ ತುತ್ತ ಸುಣ್ಣ ಬಳಿದಿದ್ದರು. ಆ ಬಳ್ಳಿಗಳಿಗೆ ರೋಗ ಬಂದಿಲ್ಲ ಅನ್ನುವುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿ, 1885ರಲ್ಲಿ ಪ್ರಕಟಿಸಿದರು. ಹೊಲದಲ್ಲಿ ನೋಡಿ ನೋಡಿ ಬಂದ ಅಳತೆ ಅದು. ಡ್ರಮ್ಮಿನಲ್ಲಿ ನಡೆಯುವ ಕ್ರಿಯೆ ಪುಸ್ತಕದ ಒಂದು ಸಾಲಿನಷ್ಟು ಸರಳವೂ ಅಲ್ಲ. ಮೇಲಾಗಿ ಸುಣ್ಣ ನಂಬುವ ಪದಾರ್ಥವಲ್ಲ. ಚೀಲ ಬಿಚ್ಚಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸೀಮೆಸುಣ್ಣದಂತಾಗುತ್ತದೆ, ಜೊತೆಗೆ ಕಲ್ಲು, ಬೇಯದ ಚೂರು. ಸುಣ್ಣ ಕಡಿಮೆ ಬಿದ್ದು ತಾಮ್ರ ಬಿಡಿಯಾಗಿ ಉಳಿದರೆ ಎಲೆ, ಎಳೆ ಕಾಯಿ ಸುಡುತ್ತದೆ. ಜಾಸ್ತಿಯಾದರೆ ಅಷ್ಟು ಅಪಾಯವಿಲ್ಲ.

ಮುಂದಿನ ಸಲ ಗಮನಿಸಿ, ಹದ ನೋಡಲು ಉಜ್ಜಿ ಹೊಳೆಯುವ ಕತ್ತಿಯ ತುದಿಯನ್ನು ದ್ರಾವಣಕ್ಕೆ ಅದ್ದುವುದುಂಟು. ಸ್ವಲ್ಪ ಹೊತ್ತು ಬಿಟ್ಟು ತೆಗೆದಾಗ ಕೆಂಪು ಬಣ್ಣ ಹತ್ತಿದ್ದರೆ ಇನ್ನೂ ಸುಣ್ಣ ಬೇಕು. ಆ ಕೆಂಪು ತಾಮ್ರವೇ, ಕಬ್ಬಿಣ ಕರಗಿ ಅದರ ಜಾಗದಲ್ಲಿ ಕೂತದ್ದು. ಕತ್ತಿ ಹಾಗೇ ಹೊಳೆಯುತ್ತಿದ್ದರೆ ತುತ್ತ ಪೂರ್ತಿ ಖರ್ಚಾಗಿದೆ ಅಂತ. ನಿಮ್ಮ ಪುಸ್ತಕದಲ್ಲಿ ಸೀಮಿತ ಕಾರಕ, ಅಂದರೆ ಮೊದಲು ಮುಗಿದುಹೋಗುವ ಪದಾರ್ಥ, ಅಂತ ಬರುತ್ತದಲ್ಲ, ಇಲ್ಲಿ ಅದು ತುತ್ತ. ಪರೀಕ್ಷೆಯಲ್ಲಿ ಅರಳಿಸಿದ ಸುಣ್ಣ ಅಂದಿದ್ದರೆ 296 ಗ್ರಾಂ ಬರೆಯಿರಿ. ಡ್ರಮ್ಮಿಗೆ ಅಪ್ಪ ಹೇಳಿದಷ್ಟೇ ಹಾಕಿ.

ಪ್ರಶ್ನೆ: 170 ಕಿಲೋಗ್ರಾಂ ಅಮೋನಿಯಾ ಮಾಡಲು ಎಷ್ಟು ನೈಟ್ರೋಜನ್, ಎಷ್ಟು ಹೈಡ್ರೋಜನ್ ಬೇಕು ಅಂತ ಲೆಕ್ಕ ಕೊಟ್ಟರೆ ಮೊದಲು ಗ್ರಾಂ ಮಾಡಲೇಬೇಕಾ? ಸೊನ್ನೆಗಳಲ್ಲೇ ಕಳೆದುಹೋಗುತ್ತೇನೆ.
— ಓದುಗ, ಗದಗ

ಉತ್ತರ: ಬೇಡ. ಗ್ರಾಮಿಗೆ ಮೋಲ್ ಆದರೆ ಕಿಲೋಗೆ ಕಿಲೋಮೋಲ್, ಅಷ್ಟೇ. ಒಂದು ನೈಟ್ರೋಜನ್, ಮೂರು ಹೈಡ್ರೋಜನ್ ಸೇರಿದರೆ ಎರಡು ಅಮೋನಿಯಾ. 170ನ್ನು ಅಮೋನಿಯಾದ ಮೋಲ್ ತೂಕ 17ರಿಂದ ಭಾಗಿಸಿ, 10 ಕಿಲೋಮೋಲ್. ಅದರ ಅರ್ಧ ನೈಟ್ರೋಜನ್, 5 ಸಲ 28, ಅಂದರೆ 140 ಕಿಲೋ. ಹೈಡ್ರೋಜನ್ 15 ಸಲ 2, ಅಂದರೆ 30 ಕಿಲೋ. ಎರಡನ್ನೂ ಕೂಡಿಸಿ ನೋಡಿ, 170 ಬರದಿದ್ದರೆ ಎಲ್ಲೋ ಎಡವಿದ್ದೀರಿ ಅಂತ.