ಮರಗಸಿಯವರ ಕೈಗೆ ಚೈನ್ ಸಾ ಕೊಡುವ ಮೊದಲು

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ಇಬ್ಬರು ಮರಗಸಿ ಕೆಲಸಗಾರರಿದ್ದಾರೆ. ಇಪ್ಪತ್ತು ವರ್ಷಗಳಿಂದ ಬಿದಿರೇಣಿ ಮತ್ತು ಕತ್ತಿಯಲ್ಲೇ ನೆರಳಿನ ಮರಗಳ ಕೊಂಬೆ ಕಡಿಯುತ್ತ ಬಂದವರು. ಕೆಲಸ ಬೇಗ ಮುಗಿಯಲೆಂದು ಈ ವರ್ಷ ಒಂದು ಚೈನ್ ಸಾ ತಂದಿದ್ದೇನೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೇಲೆ ಕೊಯ್ಯುವಂತೆ ಅವರಿಗೆ ಹೇಳಬಹುದೇ, ಅಥವಾ ತರಬೇತಿ ಬೇಕೇ?
– ಓದುಗರು, ಮೂಡಿಗೆರೆ

ಉತ್ತರ: ದಯವಿಟ್ಟು ಈ ವರ್ಷ ಹೇಳಬೇಡಿ. ಮರ ಹತ್ತುವುದು ಒಂದು ವಿದ್ಯೆ, ಚೈನ್ ಸಾ ನಡೆಸುವುದು ಇನ್ನೊಂದು ವಿದ್ಯೆ. ಮರದ ಮೇಲೆ ನಿಂತು ಚೈನ್ ಸಾ ನಡೆಸುವುದು ಈ ಎರಡೂ ಬಲ್ಲವರು ಹೊಸದಾಗಿ ಕಲಿಯಬೇಕಾದ ಮೂರನೆಯ ವಿದ್ಯೆ. ನಿಮ್ಮ ಕೆಲಸಗಾರರಿಗೆ ಮೊದಲನೆಯದು ಕರಗತವಾಗಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅಪಾಯ ಇರುವುದೂ ಆ ರೂಢಿಯಲ್ಲಿಯೇ. ಮರಗಸಿ ಮಾಡುವವರನ್ನು ಒಮ್ಮೆ ಗಮನಿಸಿ ನೋಡಿ: ಬಲಗೈ ಕತ್ತಿ ಬೀಸುತ್ತಿರುವಾಗ ಎಡಗೈ ಮರವನ್ನು ತಬ್ಬಿರುತ್ತದೆ. ಚೈನ್ ಸಾಗೆ ಎರಡೂ ಕೈ ಬೇಕು. ಹಿಂದಿನ ಹಿಡಿಯಲ್ಲಿ ಬಲಗೈ, ಮುಂದಿನ ಹಿಡಿಯಲ್ಲಿ ಎಡಗೈ, ಹೆಬ್ಬೆರಳು ಹಿಡಿಯ ಕೆಳಗಿನಿಂದ ಸುತ್ತಿಕೊಂಡಿರಬೇಕು. ಎರಡೂ ಕೈ ಯಂತ್ರಕ್ಕೆ ಹೋದರೆ ದೇಹವನ್ನು ಹಿಡಿದಿಡಲು ಬೇರೆ ವ್ಯವಸ್ಥೆ ಇರಲೇಬೇಕು. ಅದಿಲ್ಲದಿದ್ದರೆ ಹಳೆಯ ರೂಢಿಯಂತೆ ಎಡಗೈ ತಾನಾಗಿ ಮರಕ್ಕೆ ಹೋಗುತ್ತದೆ, ಯಂತ್ರ ಒಂದೇ ಕೈಯಲ್ಲಿ ಉಳಿಯುತ್ತದೆ.

ಒಂದೇ ಕೈಯಲ್ಲಿ ಉಳಿದ ಯಂತ್ರ ಏನು ಮಾಡುತ್ತದೆ ಎಂಬುದನ್ನು ವಿವರವಾಗಿ ಹೇಳಬೇಕು. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಬಾರ್‌ನ, ಅಂದರೆ ಚೈನು ಸುತ್ತ ಓಡುವ ಉದ್ದನೆಯ ಪಟ್ಟಿಯ, ಮೂತಿಯ ಮೇಲ್ಭಾಗ, ಎಂದರೆ ತುದಿಯ ದುಂಡಗಿನ ಮೇಲಿನ ಕಾಲುಭಾಗ, ಎಲೆಗಳ ಮರೆಯಲ್ಲಿದ್ದ ಒಂದು ಸಣ್ಣ ಕಡ್ಡಿಗೆ ತಗುಲಿದರೂ ಸಾಕು, ಇಡೀ ಬಾರ್ ನಡೆಸುವವನ ಮುಖ ಮತ್ತು ಕುತ್ತಿಗೆಯ ಕಡೆಗೆ ಚಿಮ್ಮುತ್ತದೆ. ಇದನ್ನು ಕಿಕ್‌ಬ್ಯಾಕ್ ಎನ್ನುತ್ತಾರೆ. ಕಣ್ಣು ಕಂಡು ಕೈ ಎಚ್ಚೆತ್ತುಕೊಳ್ಳುವುದಕ್ಕಿಂತ ಮೊದಲೇ ಅದು ಮುಗಿದಿರುತ್ತದೆ. ಮುಂದಿನ ಹಿಡಿಯ ಎದುರಿಗಿರುವ ಚೈನ್ ಬ್ರೇಕ್ ಇರುವುದು ಇದಕ್ಕಾಗಿಯೇ, ಆದರೆ ಎಡಗೈ ಮುಂದಿನ ಹಿಡಿಯಲ್ಲಿ ಇಲ್ಲದಿದ್ದರೆ ಚಿಮ್ಮುವ ಬಾರನ್ನು ತಡೆಯುವ ಬಲವೇ ಇರುವುದಿಲ್ಲ.

ಈ ಕಸುಬನ್ನು ಶಾಸ್ತ್ರೀಯವಾಗಿ ಕಲಿಸುವ ಬ್ರಿಟನ್ನಿನಲ್ಲಿ ಪಾಠಗಳಿಗೆ ಒಂದು ಕ್ರಮವಿದೆ. ಮೊದಲು ಯಂತ್ರದ ನಿರ್ವಹಣೆ ಮತ್ತು ನೆಲದ ಮೇಲೆ ಬಿದ್ದ ದಿಮ್ಮಿಯನ್ನು ಅಡ್ಡ ಕೊಯ್ಯುವುದು, ನಂತರ 380 ಮಿಲಿಮೀಟರ್ ವ್ಯಾಸದವರೆಗಿನ ಸಣ್ಣ ಮರಗಳನ್ನು ಉರುಳಿಸುವುದು. ಹಗ್ಗದ ಮೇಲೆ ಹತ್ತುವುದು ಪ್ರತ್ಯೇಕ ಪಾಠ, ಮತ್ತು ಮೇಲೆ ಸಿಕ್ಕಿಕೊಂಡ ಸಹೋದ್ಯೋಗಿಯನ್ನು ಇಳಿಸುವುದನ್ನು ಅದರ ಜೊತೆಯಲ್ಲೇ ಕಲಿಸುತ್ತಾರೆ. ಇವೆಲ್ಲ ಆದ ಮೇಲೆ ಮರದ ಮೇಲೆ ಚೈನ್ ಸಾ. ರಕ್ಷಣೆಯ ಪಾಠ ಗರಗಸಕ್ಕಿಂತ ಮೊದಲು ಬರುವುದನ್ನು ಗಮನಿಸಿ. ಪ್ರಜ್ಞೆ ತಪ್ಪಿ ಬೆಲ್ಟಿನಲ್ಲಿ ಜೋತುಬಿದ್ದವನನ್ನು ನಿಮಿಷಗಳೊಳಗೆ ಇಳಿಸದಿದ್ದರೆ ಗಾಯಕ್ಕಿಂತ ಆ ಜೋತುಬೀಳುವಿಕೆಯೇ ಪ್ರಾಣಕ್ಕೆ ಕುತ್ತಾಗಬಹುದು. ಆದ್ದರಿಂದ ಹತ್ತಬಲ್ಲ ಇನ್ನೊಬ್ಬ, ತನ್ನದೇ ಸಲಕರಣೆಯೊಂದಿಗೆ, ಬುಡದ ಬಳಿ ಸಿದ್ಧನಾಗಿರದೆ ಯಾರೂ ಯಂತ್ರದೊಂದಿಗೆ ಮೇಲೇರಬಾರದು.

ಸೊಂಟದ ಹಗ್ಗದ ಬಗ್ಗೆಯೂ ಒಂದು ಮಾತು. ಬರೀ ಸೊಂಟಕ್ಕೆ ಕಟ್ಟಿದ ಹಗ್ಗ ಬೀಳುವವನನ್ನು ತಡೆದು ನಿಲ್ಲಿಸುವ ಹೊತ್ತಿಗೆ ಪಕ್ಕೆಲುಬು ಮುರಿದಿರಬಹುದು. ತೊಡೆ ಮತ್ತು ಸೊಂಟ ಎರಡನ್ನೂ ಆಧರಿಸುವ ಹಾರ್ನೆಸ್ ಬೇಕು. ಕೊಯ್ಯುವಾಗ ಮರಕ್ಕೆ ಎರಡು ಕಡೆ ಬಿಗಿದುಕೊಂಡಿರಬೇಕು: ಒಂದು ಮೇಲಿನ ಗಟ್ಟಿ ಕವೆಗೆ ಹಾಕಿದ ಹತ್ತುವ ಹಗ್ಗ, ಇನ್ನೊಂದು ಕಾಂಡವನ್ನು ಸುತ್ತಿದ, ಒಳಗೆ ಉಕ್ಕಿನ ತಂತಿಯಿರುವ ಗಿಡ್ಡ ಹಗ್ಗ. ಚೈನು ಸೋಕಿದರೆ ಒಂದು ಹಗ್ಗ ಕ್ಷಣದಲ್ಲಿ ತುಂಡಾಗುತ್ತದೆ ಎಂಬುದೇ ಎರಡರ ಕಾರಣ.

ಈ ವರ್ಷಕ್ಕೆ ನನ್ನ ಸಲಹೆ ಇಷ್ಟು: ಮೇಲೆ ಕತ್ತಿಯೋ ಕೈಗರಗಸವೋ ಇರಲಿ, ಚೈನ್ ಸಾ ನೆಲಕ್ಕೆ ಬಿದ್ದ ಕೊಂಬೆಗಳನ್ನು ತುಂಡರಿಸಲು ಮಾತ್ರ ಇರಲಿ. ತೋಟದ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಆ ತುಂಡರಿಸುವಿಕೆಯೇ ಆದ್ದರಿಂದ ನಿಮ್ಮ ಹಣವೇನೂ ದಂಡವಾಗುವುದಿಲ್ಲ.

ಪ್ರಶ್ನೆ: ತೆಂಗಿನ ಮರ ಹತ್ತುವ ತರಬೇತಿ ಪಡೆದಿದ್ದೇನೆ. ಮರ ಕಡಿಯುವುದನ್ನೇ ವೃತ್ತಿ ಮಾಡಿಕೊಳ್ಳುವ ಆಸೆ. ಆ ತರಬೇತಿ ಸಾಕೇ?
– ಓದುಗರು, ಸೋಮವಾರಪೇಟೆ

ಉತ್ತರ: ಒಳ್ಳೆಯ ಆರಂಭ, ಆದರೆ ಸಾಲದು. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ‘ಫ್ರೆಂಡ್ಸ್ ಆಫ್ ಕೋಕನಟ್ ಟ್ರೀ’ ಹೆಸರಿನಲ್ಲಿ ಆರಂಭಿಸಿದ ತರಬೇತಿ ಕೊಂಬೆಯಿಲ್ಲದ ಒಂಟಿ ಕಾಂಡವನ್ನು ಯಂತ್ರದ ಸಹಾಯದಿಂದ ಹತ್ತುವುದನ್ನು ಕಲಿಸುತ್ತದೆ. ಹಲಸು, ಅತ್ತಿ, ಸಿಲ್ವರ್ ಓಕ್‌ಗಳ ಲೆಕ್ಕವೇ ಬೇರೆ. ಅಲ್ಲಿ ಯಾವ ಕೊಂಬೆ ನಿಮ್ಮ ಭಾರ ತಡೆಯುತ್ತದೆ, ಯಾವುದು ಒಳಗೆ ಕೊಳೆತಿದೆ ಎಂದು ನೋಡಿ ತಿಳಿಯಬೇಕು. ಸಿಲ್ವರ್ ಓಕ್‌ನ ಕೊಂಬೆ ಪೆಡಸು, ಮುನ್ಸೂಚನೆ ಕೊಡದೆ ಮುರಿಯುತ್ತದೆ.

ಮೊದಲ ಒಂದು ವರ್ಷ ನುರಿತವರ ಕೈಕೆಳಗೆ ನೆಲದ ಕೆಲಸ ಮಾಡಿ. ಮರ ಉರುಳಿಸುವಾಗ ಬೀಳುವ ದಿಕ್ಕಿಗೆ ಹಾಕುವ ಕಚ್ಚು ವ್ಯಾಸದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗದಷ್ಟು ಆಳವಿರಬೇಕು, ಹಿಂದಿನಿಂದ ಕೊಯ್ದು ಬರುವಾಗ ನಡುವೆ ವ್ಯಾಸದ ಹತ್ತನೇ ಒಂದು ಭಾಗದಷ್ಟು ಮರವನ್ನು ಕೀಲಿನಂತೆ ಉಳಿಸಬೇಕು. ಮರಕ್ಕೆ ದಿಕ್ಕು ತೋರಿಸುವುದು ಆ ಕೀಲು, ಅದನ್ನು ಕೊಯ್ದವನಿಗೆ ಮರದ ಮೇಲೆ ಯಾವ ಹಿಡಿತವೂ ಉಳಿಯುವುದಿಲ್ಲ. ರಕ್ಷಾ ಪ್ಯಾಂಟಿಗೆ ಹಣ ಉಳಿಸಬೇಡಿ. ಅದರೊಳಗಿನ ಉದ್ದನೆಯ ಎಳೆಗಳು ಹೊರಬಂದು ಚೈನಿನ ಹಲ್ಲುಚಕ್ರಕ್ಕೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತವೆ. ನಮ್ಮ ಸೆಕೆಗೆ ಅದು ಹಿಂಸೆಯೇ ಸರಿ, ಆದರೂ ತೊಡಿ. ಗಿರಾಕಿ ಕರೆದ ಕೂಡಲೇ ಮರಕ್ಕೆ ಕೈಹಚ್ಚಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸಿಲ್ವರ್ ಓಕ್‌ನಂತಹ ಕೆಲವು ಜಾತಿಗಳನ್ನು ಬಿಟ್ಟು ಉಳಿದವನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು.

ಪ್ರಶ್ನೆ: ನನ್ನ ಚೈನ್ ಸಾ ಒಂದೇ ಕಡೆಗೆ ಎಳೆಯುತ್ತದೆ, ಒತ್ತಿದರೆ ಮಾತ್ರ ಕೊಯ್ಯುತ್ತದೆ.
– ಓದುಗರು, ತೀರ್ಥಹಳ್ಳಿ

ಉತ್ತರ: ಕೆಳಗೆ ಬೀಳುವ ಹೊಟ್ಟನ್ನು ಅಂಗೈಯಲ್ಲಿ ಹಿಡಿದು ನೋಡಿ. ಅವಲಕ್ಕಿಯಂತಹ ಚಕ್ಕೆ ಬಂದರೆ ಹಲ್ಲು ಹರಿತವಾಗಿದೆ, ರಾಗಿಹಿಟ್ಟಿನಂತೆ ಬಂದರೆ ಮೊಂಡಾಗಿದೆ. ಒಂದೇ ಕಡೆಗೆ ಎಳೆಯುವುದು ಬಹುಮಟ್ಟಿಗೆ ಒಂದು ಸಾಲಿನ ಹಲ್ಲುಗಳನ್ನು ಇನ್ನೊಂದಕ್ಕಿಂತ ಹೆಚ್ಚು ಅರದಿಂದ ಉಜ್ಜಿದ್ದರ ಫಲ. ಎರಡೂ ಕಡೆ ಹಲ್ಲುಗಳ ಉದ್ದ ಸಮವಾಗುವಂತೆ, ಚೈನಿಗೆ ತಕ್ಕ ಅಳತೆಯ ದುಂಡು ಅರದಿಂದ, ಪ್ರತಿ ಹಲ್ಲಿಗೂ ಎಣಿಸಿ ಅಷ್ಟೇ ಸಲ ಉಜ್ಜಿ.

ಪ್ರಶ್ನೆ: ಮಳೆಗಾಲದಲ್ಲಿ ಬೇರುಸಹಿತ ಬಿದ್ದ ಮರವನ್ನು ನಾವೇ ಕೊಯ್ದು ತೆಗೆಯಬಹುದೇ?
– ಓದುಗರು, ಸಕಲೇಶಪುರ

ಉತ್ತರ: ನಿಂತ ಮರಕ್ಕಿಂತ ಬಿದ್ದ ಮರ ಹೆಚ್ಚು ಮೋಸಗಾರ. ಒಂದು ಆಷಾಢದಲ್ಲಿ ರಸ್ತೆಗೆ ಅಡ್ಡ ಬಿದ್ದಿದ್ದ ಹಲಸನ್ನು ನಾನು ಮೇಲಿನಿಂದ ನೇರವಾಗಿ ಕೊಯ್ಯತೊಡಗಿ, ಅರ್ಧಕ್ಕೆ ಬರುವಷ್ಟರಲ್ಲಿ ಸೀಳು ಕಚ್ಚಿಕೊಂಡು ಬಾರ್ ಅಲ್ಲೇ ಸಿಕ್ಕಿಬಿತ್ತು. ಯಂತ್ರವನ್ನು ಮಳೆಯಲ್ಲಿ ಬಿಟ್ಟು ಕೊಡಲಿ ತರಲು ಮನೆಗೆ ಓಡಬೇಕಾಯಿತು. ಎರಡೂ ತುದಿ ನೆಲಕ್ಕೆ ಆತುಕೊಂಡ ಕಾಂಡದಲ್ಲಿ ಮೇಲ್ಮೈ ಅದುಮಿರುತ್ತದೆ, ಕೆಳಮೈ ಎಳೆದಿರುತ್ತದೆ. ಮೊದಲು ಮೇಲಿನಿಂದ ಮೂರನೇ ಒಂದು ಭಾಗ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಬಿಡಿಸಬೇಕು. ಒಂದು ತುದಿ ಗಾಳಿಯಲ್ಲಿ ತೂಗುತ್ತಿದ್ದರೆ ಇದು ತಿರುಗುಮುರುಗು. ಕಾಂಡವನ್ನು ಬೇರಿನಿಂದ ಬೇರ್ಪಡಿಸಿದ ಕ್ಷಣ ಮಣ್ಣು ಹೊತ್ತು ಎದ್ದು ನಿಂತಿರುವ ಬೇರುಗಡ್ಡೆ ಮತ್ತೆ ಗುಂಡಿಗೆ ಮಗುಚಿಕೊಳ್ಳಬಹುದು. ಅದರ ಹಿಂದೆ ಯಾರೂ ಇಲ್ಲವೆಂದು ಸ್ವತಃ ಸುತ್ತು ಹಾಕಿ ನೋಡಿ, ಮಕ್ಕಳನ್ನಂತೂ ಹತ್ತಿರ ಸೇರಿಸಬೇಡಿ.

ಕೊಂಬೆಗಳ ಅಡಿಯಲ್ಲಿ ವಿದ್ಯುತ್ ತಂತಿ ಸಿಕ್ಕಿಕೊಂಡಿದ್ದರೆ, ದೀಪ ಹೋಗಿದೆ ಎಂಬ ಧೈರ್ಯದಿಂದ ಮುಟ್ಟಬೇಡಿ. ಲೈನ್‌ಮನ್ ಬಂದು ಲೈನ್ ಕಡಿತವಾಗಿದೆ ಎಂದು ನೋಡಿ ಹೇಳುವವರೆಗೆ ಯಂತ್ರ ಜೀಪಿನಲ್ಲೇ ಇರಲಿ.