ಹೀಟ್ ಪ್ರೆಸ್ ಇಲ್ಲದೆ, ಇಸ್ತ್ರಿ ಪೆಟ್ಟಿಗೆಯಲ್ಲೇ ಟಿ-ಶರ್ಟ್ ಮೇಲೆ ಕನ್ನಡ ಅಕ್ಷರ ಕೂರಿಸಬಹುದಾ?

ರಾಜ್ಯೋತ್ಸವಕ್ಕೆ ಮನೆಯವರಿಗೆಲ್ಲ ಕೆಂಪು ಟಿ-ಶರ್ಟ್ ಮೇಲೆ ಬಿಸಿಗೆ ಬಟ್ಟೆಗೆ ಅಂಟುವ ಹಳದಿ ವಿನೈಲ್‌ನಲ್ಲಿ ಒಂದು ಕನ್ನಡ ಸಾಲು ಹಾಕಬೇಕು, ಕಟ್ಟಿಂಗ್ ಮೆಷಿನ್ ಗೆಳೆಯರ ಹತ್ತಿರ ಇದೆ, ಬಿಸಿ ಮಾಡಿ ಒತ್ತುವ ಯಂತ್ರ, ಅಂದರೆ ಹೀಟ್ ಪ್ರೆಸ್ ಇಲ್ಲ, ಇಸ್ತ್ರಿ ಪೆಟ್ಟಿಗೆ ಸಾಕಾ ಅಂತ ಕೇಳಿದ್ದೀರಿ.

ಐದಾರು ಶರ್ಟ್‌ಗೆ ಧಾರಾಳವಾಗಿ ಸಾಕು. ನಾನು ಮನೆಯಿಂದಲೇ ಸಣ್ಣಪುಟ್ಟ ಆರ್ಡರ್ ಮಾಡಿಕೊಡುತ್ತೇನೆ, ಪ್ರೆಸ್ ಕೊಳ್ಳುವ ಮುಂಚೆ ಪೆಟ್ಟಿಗೆಯಲ್ಲೇ ಮಾಡುತ್ತಿದ್ದೆ. ಆದರೆ ಒತ್ತುವ ಮಾತು ಆಮೇಲೆ. ಬಟ್ಟೆ ಮತ್ತು ಅಕ್ಷರ ಸರಿ ಇಲ್ಲದಿದ್ದರೆ ಎಂಥ ಪ್ರೆಸ್ ಇದ್ದರೂ ದಂಡ.

ಮೊದಲು ಕಾಲರ್ ಒಳಗಿನ ಲೇಬಲ್ ನೋಡಿ. ಜೆರ್ಸಿ ತರಹದ ಕೆಂಪು ಪಾಲಿಯೆಸ್ಟರ್ ಆಗಿದ್ದರೆ ಬಿಟ್ಟುಬಿಡಿ. ಪಾಲಿಯೆಸ್ಟರ್‌ನ ಬಣ್ಣ ಬಿಸಿಗೆ ಆವಿಯಾಗಿ ಮೇಲೆದ್ದು ವಿನೈಲ್‌ಗೆ ಹತ್ತುತ್ತದೆ. ಒತ್ತಿದ ಕೂಡಲೇ ಚೆನ್ನಾಗೇ ಕಾಣಬಹುದು, ಸ್ವಲ್ಪ ದಿನದಲ್ಲಿ ನಿಮ್ಮ ಹಳದಿ ಕಿತ್ತಳೆಯಾಗಿರುತ್ತದೆ. ಬಿಳಿಯಾದರೆ ಗುಲಾಬಿ. ಇದನ್ನು ತಡೆಯುವ ವಿನೈಲ್ ಬೇರೆಯೇ ಸಿಗುತ್ತದೆ, ಬೆಲೆ ಜಾಸ್ತಿ. ಸುಮ್ನೆ ಯಾಕೆ? 180 ಜಿಎಸ್ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ) ಕಾಟನ್ ತೆಗೆದುಕೊಳ್ಳಿ. ಒಮ್ಮೆ ಒಗೆದು ಒಣಗಿಸಿ, ಕುಗ್ಗುವುದೆಲ್ಲ ಆಗಲೇ ಕುಗ್ಗಲಿ. ಆ ಒಗೆತಕ್ಕೆ ಸಾಫ್ಟನರ್ ಮಾತ್ರ ಹಾಕಬೇಡಿ, ಅಂಟು ಹಿಡಿಯುವುದಿಲ್ಲ.

ಇನ್ನು ಅಕ್ಷರ. ನೆಟ್ಟಿನಲ್ಲಿರುವ ವಿಡಿಯೋಗಳೆಲ್ಲ ಇಂಗ್ಲಿಷ್ ಅಕ್ಷರ ಕತ್ತರಿಸಿ ತೋರಿಸುತ್ತವೆ. ನಮ್ಮ ಲಿಪಿಯ ಕಷ್ಟ ಅವರಿಗೇನು ಗೊತ್ತು! ಎಷ್ಟೋ ಫಾಂಟ್‌ಗಳಲ್ಲಿ ಮೂಲ ಅಕ್ಷರ ಒಂದು ಆಕಾರ, ಒತ್ತಕ್ಷರ ಇನ್ನೊಂದು ಆಕಾರ. ಎರಡೂ ಒಂದರ ಮೇಲೊಂದು ಹಾಯ್ದಿದ್ದರೆ ಬ್ಲೇಡು ಅಲ್ಲೂ ಗೆರೆ ಕೊಯ್ಯುತ್ತದೆ. ಕೆಲವು ಕಟ್ಟಿಂಗ್ ಸಾಫ್ಟ್‌ವೇರ್‌ಗಳಂತೂ ಒತ್ತನ್ನು ಬಿಡಿಸಿ ಪಕ್ಕಕ್ಕೆ ಎಸೆಯುತ್ತವೆ. ಅದಕ್ಕೇ ನಾನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ, ‘ಆಬ್ಜೆಕ್ಟ್ ಟು ಪಾತ್’ ಕೊಟ್ಟು, ಅನ್‌ಗ್ರೂಪ್ ಮಾಡಿ, ‘ಯೂನಿಯನ್’ ಮಾಡುತ್ತೇನೆ, ಅಂದರೆ ಬಿಡಿ ಆಕಾರಗಳನ್ನೆಲ್ಲ ಒಂದಾಗಿ ಬೆಸೆಯುತ್ತೇನೆ. ಆಗ ಅಕ್ಷರ ಬರೀ ಚಿತ್ರವಾಗುತ್ತದೆ, ಯಾವ ಮೆಷಿನ್ನೂ ಕೆಡಿಸುವುದಿಲ್ಲ. ಇಂಕ್‌ಸ್ಕೇಪ್ ಉಚಿತ.

ಫಾಂಟ್ ದಪ್ಪ ಇರಲಿ. ಬಾಲೂ ತಮ್ಮ 2 ನನಗೆ ಇಷ್ಟ, ಅದೂ ಉಚಿತ, ತಿರುವುಗಳು ದುಂಡಗಿವೆ. ಒತ್ತುಗಳು ಮೂಲ ಅಕ್ಷರಕ್ಕಿಂತ ಚಿಕ್ಕವು ಅಲ್ವಾ, ಹಾಗಾಗಿ ಸಾಲಿನ ಅಳತೆಯನ್ನು ಅತಿ ಸಣ್ಣ ಒತ್ತು ನೋಡಿ ನಿರ್ಧರಿಸಿ. ಅದರ ಗೆರೆ ಎರಡು ಮಿಲಿಮೀಟರ್‌ಗಿಂತ ತೆಳುವಾಗದಿದ್ದರೆ ಒಳ್ಳೆಯದು.

ಕತ್ತರಿಸುವಾಗ ವಿನೈಲ್‌ನ ಹೊಳೆಯುವ ಪ್ಲಾಸ್ಟಿಕ್ ಹಾಳೆ ಕೆಳಗೆ, ಅಂಟಿನ ಬದಿ ಮೇಲೆ. ಡಿಸೈನ್ ಮಿರರ್ ಮಾಡಿರಬೇಕು, ಅಂದರೆ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸಿರಬೇಕು. ಬ್ಲೇಡು ವಿನೈಲ್ ಮಾತ್ರ ಕೊಯ್ಯಬೇಕು, ಹಾಳೆ ಉಳಿಯಬೇಕು. ಮೂಲೆಯಲ್ಲಿ ಒಂದು ಪುಟ್ಟ ಚೌಕ ಕೊಯ್ದು ನೋಡಿ, ಆಮೇಲೆ ಪೂರ್ತಿ ಬಿಡಿ. ಬೇಡದ ಭಾಗ ಕೀಳುವಾಗ ಸೂಜಿ ಅಥವಾ ಚಿಮುಟ ಇಟ್ಟುಕೊಂಡು ನಿಧಾನ ಮಾಡಿ. ಠ ಒಳಗಿನ ಚುಕ್ಕಿ ಎದ್ದುಹೋದರೆ ರ ಆಗುತ್ತದೆ. ಧ ಕೆಳಗಿನ ಗೀಟು ಹೋದರೆ ಧನ ದನವಾಗಿ ಕೂರುತ್ತದೆ, ಅದನ್ನೇ ಹಾಕಿಕೊಂಡು ಮೆರವಣಿಗೆ ಹೋಗಬೇಕು.

ಈಗ ಪೆಟ್ಟಿಗೆ. ನೀರು ಖಾಲಿ ಮಾಡಿ, ಹಬೆ ಬಂದ್. ಕಾಟನ್ ಗುರುತಿಗೆ ಇಡಿ. ಸಾಧಾರಣ ವಿನೈಲ್‌ಗೆ ಬೇಕಾಗುವುದು ಸುಮಾರು 150ರಿಂದ 160 ಡಿಗ್ರಿ ಸೆಲ್ಸಿಯಸ್. ಪ್ರೆಸ್‌ನಲ್ಲಿ 10-15 ಸೆಕೆಂಡ್ ಸಾಕು. ರೋಲ್ ಜೊತೆ ಬರುವ ಚೀಟಿಯಲ್ಲಿ ಬೇರೆ ಹೇಳಿದ್ದರೆ ಅದನ್ನೇ ಕೇಳಿ. ಪೆಟ್ಟಿಗೆಯಲ್ಲಿ ಕೊರತೆಯಾಗುವುದು ಒತ್ತಡ. ಮೆತ್ತನೆಯ ಹಾಸಿನ ಮೇಲೆ ಬೇಡ, ಗಟ್ಟಿ ಮೇಜಿನ ಮೇಲೆ ತೆಳ್ಳನೆ ಬಟ್ಟೆ ಹಾಸಿ ಮಾಡಿ. ಮೊದಲು ಬರೀ ಶರ್ಟ್ ಕಾಯಿಸಿ, ತೇವ ಹೋಗಲಿ. ಉದ್ದಕ್ಕೆ ಅರ್ಧ ಮಡಚಿ ಒತ್ತಿದರೆ ನಡುಗೆರೆಯೂ ಸಿಗುತ್ತದೆ, ಸ್ಕೇಲು ಹುಡುಕಬೇಕಿಲ್ಲ. ಕಾಲರ್‌ನಿಂದ ನಾಲ್ಕು ಬೆರಳು ಕೆಳಗೆ ವಿನೈಲ್ ಇಟ್ಟು, ಮೇಲೆ ಬಟರ್ ಪೇಪರ್ ಹಾಕಿ, ಮೈಭಾರ ಬಿಟ್ಟು ಒತ್ತಿ. ಉಜ್ಜಬೇಡಿ, ಅಕ್ಷರ ಜರುಗುತ್ತದೆ. ಒಂದು ಜಾಗ ಆದ ಮೇಲೆ ಎತ್ತಿ ಪಕ್ಕಕ್ಕೆ ಇಡಿ. ಹಬೆಯ ತೂತಿರುವ ಕಡೆ ಬಿಸಿ ತಾಗುವುದಿಲ್ಲ, ಹಾಗಾಗಿ ಅದೇ ಜಾಗವನ್ನು ಸ್ವಲ್ಪ ಸರಿಸಿ ಇನ್ನೊಮ್ಮೆ ಒತ್ತಿ.

ಹಾಳೆ ಬಿಸಿಯಲ್ಲೇ ಕೀಳಬೇಕೋ ತಣ್ಣಗಾದ ಮೇಲೋ ಎಂಬುದು ಯಾವ ವಿನೈಲ್ ಎಂಬುದರ ಮೇಲೆ ನಿಂತಿದೆ, ಚೀಟಿ ನೋಡಿ. ಕೀಳುವಾಗ ಒತ್ತು ಮೇಲೆದ್ದರೆ ಹಾಳೆ ಮತ್ತೆ ಮುಚ್ಚಿ ಒತ್ತಿ. ಎಲ್ಲ ಬಿಟ್ಟುಕೊಂಡ ಮೇಲೆ ಬಟರ್ ಪೇಪರ್ ಇಟ್ಟು ಕೊನೆಯದಾಗಿ ಇನ್ನೊಂದು ಸಲ.

ಇಪ್ಪತ್ತು ಮೂವತ್ತು ಶರ್ಟ್ ಇದ್ದರೆ ಕೈ ಬಿದ್ದುಹೋಗುತ್ತದೆ. ಕತ್ತರಿಸಿ, ಕಿತ್ತು ತಯಾರು ಮಾಡಿಕೊಂಡು ಪ್ರೆಸ್ ಇರುವ ಅಂಗಡಿಗೆ ಒಯ್ದರೆ ಒತ್ತಿಕೊಡುತ್ತಾರೆಯೇ ವಿಚಾರಿಸಿ. ಫೋಟೋ ಅಥವಾ ಏಳೆಂಟು ಬಣ್ಣದ ಚಿತ್ರಕ್ಕೆ ವಿನೈಲ್ ಆಗಿಬರುವುದಿಲ್ಲ, ಡಿಟಿಎಫ್ (ಫಿಲ್ಮ್ ಮೇಲೆ ಚಿತ್ರ ಮುದ್ರಿಸಿ ಬಟ್ಟೆಗೆ ಒತ್ತುವ ವಿಧಾನ) ಮಾಡಿಸಿ.

ಒತ್ತಿದ ಮೇಲೆ 24 ಗಂಟೆ ನೀರು ತಾಗಿಸಬೇಡಿ. ಒಳಗು ಹೊರಗು ಮಾಡಿ ತಣ್ಣೀರಲ್ಲಿ ಒಗೆಯಿರಿ, ಇಸ್ತ್ರಿಯೂ ಹಿಂಬದಿಯಿಂದಲೇ. ಕಲ್ಲಿನ ಮೇಲೆ ಕುಕ್ಕಿ ಬ್ರಷ್ ಹಾಕುವ ಮನೆಯಾದರೆ ಒಗೆಯುವವರಿಗೆ ಮುಂಚೆಯೇ ಹೇಳಿಟ್ಟಿರಿ.